ವೀರಭದ್ರ ಉಳಿಸಿಕೊಟ್ಟ ಉಸಿರು

ಶ್ರಾವಣದ ಎರಡನೇ ಸೋಮವಾರ. ನಮ್ಮ ಮನೆಯವರು ರಾತ್ರಿ ಡ್ಯೂಟಿ ಮುಗಿಸಿ ಬಂದು, ಸ್ನಾನ ಮಾಡಿ, ದೇವರ ಮುಂದೆ ಕೂತು ಹಣೆಗೆ ವಿಭೂತಿ ಹಚ್ಚಿಕೊಳ್ಳುತ್ತಿದ್ದರು. ಆಗ ಮೂಗಿನಿಂದ ರಕ್ತ ಬಂತು. ಮೊದಲು ಒಂದೆರಡು ಹನಿ. ನಿದ್ದೆಗೆಟ್ಟು ಉಷ್ಣ ಆಗಿರಬೇಕು ಅಂತ ನಾನು ನೆತ್ತಿಗೆ ತಣ್ಣೀರು ಹಾಕಿದೆ. ಅವರು ತಲೆ ಹಿಂದಕ್ಕೆ ಮಾಡಿ ಕೂತರು. ಸ್ವಲ್ಪ ಹೊತ್ತಿಗೆ ಬಾಯಿಂದಲೂ ರಕ್ತ ಉಗುಳತೊಡಗಿದಾಗ ಅವರನ್ನು ಎಬ್ಬಿಸಿಕೊಂಡು ಹೊರಗೆ ಓಡಿದೆ.

ನಾವು ಲಿಂಗಸುಗೂರು ಕಡೆಯವರು. ನನ್ನ ಹೆಸರು ನೀಲಮ್ಮ, ಮನೆಯವರ ಹೆಸರು ಬಸವರಾಜ, ಮನೆದೇವರು ವೀರಭದ್ರ. ಹೊಟ್ಟೆಪಾಡಿಗೆ ಹೈದರಾಬಾದಿಗೆ ಬಂದು ಮಿಯಾಪುರದಲ್ಲಿ ಮನೆ ಮಾಡಿದ್ದೆವು. ಆಗ ಇಲ್ಲಿ ಕಂಪ್ಯೂಟರ್ ಕಂಪನಿಗಳು ಒಂದರ ಹಿಂದೊಂದು ಏಳುತ್ತಿದ್ದ ಕಾಲ. ವಿಮಾನ ನಿಲ್ದಾಣ ಇನ್ನೂ ಬೇಗಂಪೇಟೆಯಲ್ಲೇ ಇತ್ತು. ಕೊಂಡಾಪುರದಲ್ಲಿ ಬಂಡೆ ಒಡೆದು ಗಾಜಿನ ಕಟ್ಟಡ ಕಟ್ಟುತ್ತಿದ್ದರು. ಅಲ್ಲಿ ರಾತ್ರಿ ಪಾಳಿಯಲ್ಲಿ ದುಡಿಯುವ ಹುಡುಗ ಹುಡುಗಿಯರನ್ನು ಸಂಜೆ ಮನೆಯಿಂದ ಹತ್ತಿಸಿಕೊಂಡು ಹೋಗಿ, ಬೆಳಿಗ್ಗೆ ಮತ್ತೆ ಮನೆ ಮುಟ್ಟಿಸುವ ಗಾಡಿಯ ಡ್ರೈವರ್ ನಮ್ಮವರು. ನಾನು ಮನೆಯಲ್ಲೇ ಕುಬಸ ಹೊಲಿದು, ಸೀರೆಗೆ ಫಾಲ್ ಹಚ್ಚಿ ನಾಲ್ಕು ಕಾಸು ಮಾಡುತ್ತಿದ್ದೆ. ಒಬ್ಬಳೇ ಮಗಳು, ಶಾಲೆಗೆ ಹೋಗುತ್ತಿದ್ದಳು.

ಓಣಿಯ ಕ್ಲಿನಿಕ್ಕಿನಲ್ಲಿ ಹತ್ತಿ ಇಟ್ಟು ನೋಡಿದರು. ರಕ್ತ ನಿಲ್ಲಲಿಲ್ಲ. ಬಿ.ಪಿ. ನೋಡಿದ ಡಾಕ್ಟರು, "ಇದು ಭಾಳ ಐತಿ, ದೊಡ್ಡ ಆಸ್ಪತ್ರಿಗೆ ಹೋಗ್ರಿ" ಎಂದರು. ಅವರೂ ನಮ್ಮ ಕಡೆಯವರೇ ಆದ್ದರಿಂದ ತಾವೇ ಆಟೋ ಕರೆಸಿಕೊಟ್ಟರು. ಮಗಳನ್ನು ಪಕ್ಕದ ಮನೆಯವರ ಕೈಗೆ ಒಪ್ಪಿಸಿ ಬೇಗಂಪೇಟೆ ದಾರಿ ಹಿಡಿದೆವು. ಕೂಕಟಪಲ್ಲಿ ಹತ್ತಿರ ಗಾಡಿಗಳೆಲ್ಲ ನಿಂತುಬಿಟ್ಟಿದ್ದವು. ನಮ್ಮವರು ನನ್ನ ಹಳೆ ಸೀರೆಯನ್ನು ಮೂಗಿಗೆ ಒತ್ತಿ ಹಿಡಿದು, ಡ್ರೈವರನಿಗೆ ಕೈಸನ್ನೆಯಲ್ಲೇ ಒಳದಾರಿ ತೋರಿಸುತ್ತಿದ್ದರು. ಆ ಸ್ಥಿತಿಯಲ್ಲೂ ದಾರಿ ಅವರದೇ.

ಆಸ್ಪತ್ರೆಯಲ್ಲಿ ಕಿವಿ-ಮೂಗು-ಗಂಟಲಿನ ಡಾಕ್ಟರು ನೋಡಿದರು. ಚಿಕ್ಕ ವಯಸ್ಸಿನವರು, ಒಳ್ಳೆಯವರು. ಬಿ.ಪಿ. ಏರಿ ಮೂಗಿನ ಹಿಂಭಾಗದಲ್ಲಿ ರಕ್ತನಾಳ ಒಡೆದಿದೆ ಎಂದರು. ಔಷಧಿ ಸವರಿದ ಉದ್ದನೆಯ ಬಟ್ಟೆಪಟ್ಟಿಯನ್ನು ಮಡಿಕೆ ಮಡಿಕೆಯಾಗಿ ಎರಡೂ ಹೊಳ್ಳೆಗಳಲ್ಲಿ ತುಂಬಿದರು. ಅಷ್ಟು ಬಟ್ಟೆ ಒಂದು ಮೂಗಿನೊಳಗೆ ಹಿಡಿಯುತ್ತದೆ ಅಂತ ಕಣ್ಣಾರೆ ನೋಡದಿದ್ದರೆ ನಾನು ನಂಬುತ್ತಿರಲಿಲ್ಲ. ಎಂಥ ಪೆಟ್ಟು ಬಿದ್ದರೂ ಉಸ್ ಅನ್ನದ ಮನುಷ್ಯ ಮಂಚದ ಅಂಚು ಹಿಡಿದು ನಡುಗಿದರು.

"ಎರಡು ದಿನ ಇದನ್ನು ತೆಗೆಯುವಂತಿಲ್ಲ. ಬಾಯಿಂದಲೇ ಉಸಿರಾಡಬೇಕು. ಕಷ್ಟ ಆಗುತ್ತೆ, ಹೆದರಬೇಡಿ" ಎಂದರು ಡಾಕ್ಟರು.

ರಕ್ತ ನಿಂತಿತು. ನಾನು ವೀರಭದ್ರನಿಗೆ ಅಲ್ಲೇ ನಿಂತು ಕೈಮುಗಿದೆ. ಕಷ್ಟ ಮುಗಿಯಿತು ಅಂದುಕೊಂಡೆ.

ಮೂಗು ಮುಚ್ಚಿದರೆ ಮನುಷ್ಯ ಎಷ್ಟು ಅಸಹಾಯಕ ಆಗುತ್ತಾನೆ ಅನ್ನುವುದು ಆಮೇಲೆ ತಿಳಿಯಿತು. ಬಾಯಿ ಒಣಗಿ ನಾಲಿಗೆ ಅಂಟಿಕೊಳ್ಳುತ್ತಿತ್ತು. ಒಂದು ಗುಟುಕು ನೀರು ನುಂಗಿದರೆ ಕಿವಿಯೊಳಗೆ ಪಟ್ ಅನ್ನುತ್ತಿತ್ತು. ಕಣ್ಣೀರು ಇಳಿಯುವ ದಾರಿಯೂ ಮೂಗಿನೊಳಗೇ ಇದೆಯಂತೆ. ಅದು ಕಟ್ಟಿದ್ದರಿಂದ ಸುಮ್ಮನೆ ಮಲಗಿದ್ದರೂ ಕಣ್ಣಿಂದ ನೀರು ಸುರಿಯುತ್ತಿತ್ತು. ನೋಡಿದವರಿಗೆ ಅಳುತ್ತಿದ್ದಾರೆ ಅನ್ನಿಸಬೇಕು. ಮಾತಂತೂ ಪೂರಾ ಬದಲಾಗಿಹೋಯಿತು. ನೀರು ಬೇಕಾದರೆ "ದೀರು" ಅನ್ನುವರು. ನನ್ನನ್ನು "ದೀಲಾ" ಅಂತ ಕರೆದಾಗ ಮೊದಲ ಸಲ ನನಗೆ ನಗು ಬಂತು.

ಆದರೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಅವರು ಅಭ್ಯಾಸದಂತೆ ಕಣ್ಣುಮುಚ್ಚಿ ಮಂತ್ರ ಹೇಳಲು ಹೋದರು. ಬಾಯಿಂದ ಬಂದದ್ದು "ಓಬ್ ದಬಃ ಶಿವಾಯ". ಒಮ್ಮೆ, ಎರಡು ಸಲ ಪ್ರಯತ್ನಿಸಿದರು. ಮೂರನೇ ಸಲ ನಿಲ್ಲಿಸಿಬಿಟ್ಟರು. ಗೋಡೆ ಕಡೆ ಮುಖ ತಿರುಗಿಸಿದರು. ಈ ಸಲ ಕಣ್ಣಿಂದ ಇಳಿದದ್ದು ಬರೀ ನೀರಲ್ಲ ಅಂತ ನನಗೆ ಗೊತ್ತಾಯಿತು.

ಅದು ಇಬ್ಬರು ರೋಗಿಗಳ ಕೋಣೆ. ಆಚೆ ಹಾಸಿಗೆಯಲ್ಲಿ ದಮ್ಮಿನ ಕಾಯಿಲೆಯ ಒಬ್ಬ ವಯಸ್ಸಾದ ಸಾಹೇಬರು, ಅವರ ಆರೈಕೆಗೆ ಅವರ ಹೆಂಡತಿ. ಅವರನ್ನು ನಾನು ಖಾಲಾ, ಅಂದರೆ ಚಿಕ್ಕಮ್ಮ, ಅಂತಲೇ ಕರೆಯುತ್ತಿದ್ದೆ. ಇದನ್ನೆಲ್ಲ ನೋಡುತ್ತಿದ್ದ ಖಾಲಾ ಎದ್ದು ಬಂದು ನಮ್ಮವರ ಹಾಸಿಗೆಯ ಹತ್ತಿರ ನಿಂತು, "ರೋ ನಕ್ಕೊ ಬೇಟಾ. ಊಪರ್‌ವಾಲೇಕು ಸಬ್ ಸಮಜ್ ಮೇ ಆತಾ" ಎಂದರು. ಅಳಬೇಡ ಮಗಾ, ಮೇಲಿನವನಿಗೆ ಎಲ್ಲ ತಿಳಿಯುತ್ತದೆ, ಅಂತ. ನಮ್ಮವರು ತಲೆಯಾಡಿಸಿದರು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ "ಓಬ್ ದಬಃ ಶಿವಾಯ" ಅಂತ ಮೆಲ್ಲಗೆ ಶುರುವಾಯಿತು. ನಾನೂ ಜೊತೆಗೆ ಹೇಳಿದೆ.

ರಾತ್ರಿ ಇಬ್ಬರೂ ಕಣ್ಣು ಮುಚ್ಚಲಿಲ್ಲ. ಉಸಿರು ಕಟ್ಟಿದಂತಾಗುತ್ತದೆ ಎಂದು ಅವರು ಕೂತೇ ಇದ್ದರು. ಬೆಳಿಗ್ಗೆ ನಾನು ಸಿಟಿ ಬಸ್ಸಿನಲ್ಲಿ ಮಿಯಾಪುರಕ್ಕೆ ಹೋಗಿ ಮಗಳನ್ನು ಶಾಲೆಗೆ ಕಳಿಸಿ, ಗಂಜಿ ಮಾಡಿ ಡಬ್ಬಿಗೆ ಹಾಕಿಕೊಂಡು ಬಂದೆ. ಬರುವಷ್ಟರಲ್ಲಿ ಊಟದ ಹೊತ್ತಾಗಿತ್ತು. ಎರಡು ಚಮಚ ಗಂಜಿ ಕುಡಿದು ಅವರು ಹಿಂದಕ್ಕೆ ಒರಗಿ ಅಂಗಾತ ನಿದ್ದೆಹೋದರು. ಸದ್ಯ, ಕಣ್ಣು ಹತ್ತಿತಲ್ಲ ಎಂದು ನಾನು ಕಾಲು ಚಾಚಿ ಕೂತೆ.

ಆಗ ಮಷೀನು ಕೂಗಿತು.

ಅವರ ಬೆರಳಿಗೆ ಬಟ್ಟೆ ಒಣಹಾಕುವ ಕ್ಲಿಪ್ಪಿನಂಥದು ಒಂದು ಹಾಕಿದ್ದರು. ಒಳಗೆ ಕೆಂಪು ದೀಪ. ರಕ್ತದಲ್ಲಿ ಎಷ್ಟು ಆಕ್ಸಿಜನ್ ಇದೆ ಅಂತ ಅದು ತೋರಿಸುತ್ತದೆ, ತೊಂಬತ್ತರ ಮೇಲೆ ಇರಬೇಕು ಅಂತ ನರ್ಸಮ್ಮ ಹೇಳಿಕೊಟ್ಟಿದ್ದರು. ಎಚ್ಚರ ಇದ್ದಾಗ ತೊಂಬತ್ತಾರು ಇರುತ್ತಿತ್ತು. ಈಗ ನೋಡಿದರೆ ಎಂಬತ್ತನಾಲ್ಕು. ನೋಡುತ್ತಿದ್ದಂತೆ ಎಂಬತ್ತು. ಆಮೇಲೆ ಎಪ್ಪತ್ತರ ಮನೆಗೆ ಇಳಿಯಿತು.

ನರ್ಸಮ್ಮ ಓಡಿಬಂದು ಭುಜ ಅಲುಗಾಡಿಸಿದರು. ಅವರು ಗಬಕ್ಕನೆ ಗಾಳಿ ಎಳೆದುಕೊಂಡು ಕಣ್ಣುಬಿಟ್ಟರು. ನಂಬರು ಮೆಲ್ಲಗೆ ಮೇಲೆ ಬಂತು. ಕ್ಲಿಪ್ಪು ಸಡಿಲಾಗಿರಬೇಕು ಎಂದು ಬೇರೆ ಬೆರಳಿಗೆ ಹಾಕಿದರು. ನಮ್ಮವರು ಮತ್ತೆ ಮಲಗಿದರು. ಮತ್ತೆ ಅದೇ ಕೂಗು. ಎದೆಯ ಎಕ್ಸ್‌ರೇ ತೆಗೆದರು, ಇ.ಸಿ.ಜಿ. ಮಾಡಿದರು. ಎರಡರಲ್ಲೂ ದೋಷ ಕಾಣಲಿಲ್ಲ.

"ಆ ಬಟ್ಟಿ ತೆಗೆದುಬಿಡ್ರಿ ಸಾರ್" ಎಂದು ನಾನು ಚಿಕ್ಕ ಡಾಕ್ಟರನ್ನು ಬೇಡಿಕೊಂಡೆ. ನನ್ನ ತೆಲುಗು ಅಷ್ಟಕ್ಕಷ್ಟೇ, ಅಳು ಬಂದಾಗ ಕನ್ನಡವೇ ಬಾಯಿಗೆ ಬರುತ್ತದೆ.

ಅವರಿಗೆ ಅರ್ಥವಾಯಿತು. "ಈಗ ತೆಗೆದರೆ ಮತ್ತೆ ರಕ್ತ ಶುರುವಾಗುತ್ತಮ್ಮಾ. ಬಿ.ಪಿ. ಇನ್ನೂ ಇಳಿದಿಲ್ಲ. ಆಮೇಲೆ ಆಪರೇಷನ್ನಿಗೇ ಒಯ್ಯಬೇಕಾಗುತ್ತೆ."

ಬಟ್ಟೆ ತೆಗೆದರೆ ರಕ್ತ ಹೋಗುತ್ತದೆ. ಇಟ್ಟರೆ ಉಸಿರು ಹೋಗುತ್ತದೆ. ನಾನು ವರಾಂಡದ ಕಿಟಕಿಯ ಹತ್ತಿರ ಹೋಗಿ ನಿಂತೆ. ವಿಮಾನವೊಂದು ಇಳಿಯುತ್ತಿತ್ತು, ಕೆಳಗೆ ಜನ ತಮ್ಮ ಪಾಡಿಗೆ ತಾವು ಚಹಾ ಕುಡಿಯುತ್ತಿದ್ದರು. ನನಗೆ ಸಿಟ್ಟು ಬಂತು. ಹೌದು, ವೀರಭದ್ರನ ಮೇಲೆಯೇ. ಶ್ರಾವಣ ಸೋಮವಾರ, ನಿನ್ನ ಮುಂದೆ ಕೂತವರನ್ನೇ ಹೀಗೆ ಮಾಡಿದೆಯಲ್ಲ, ನಿನಗೆ ಬೇರೆ ಯಾರೂ ಸಿಗಲಿಲ್ಲವಾ ಅಂತ ಬೈದೆ. ಬೈದ ಮೇಲೆ ಬೇಡಿಕೊಂಡೆ. "ನನಗೇನೂ ತಿಳಿಯೂದಿಲ್ಲಪ್ಪ. ಡಾಕ್ಟರಿಗೂ ದಾರಿ ಕಾಣವಲ್ದು. ತಿಳಿದವರು ಯಾರನ್ನರ ಕಳಸು" ಎಂದೆ. ಅಷ್ಟೇ. ಅದಕ್ಕಿಂತ ದೊಡ್ಡ ಪ್ರಾರ್ಥನೆ ಮಾಡುವ ಶಕ್ತಿ ಇರಲಿಲ್ಲ.

ಒಳಗೆ ಬಂದು ಒಂದು ನಿರ್ಧಾರ ಮಾಡಿದೆ. ಬಟ್ಟೆ ತೆಗೆಯುವವರೆಗೆ ಇವರನ್ನು ಮಲಗಲು ಬಿಡುವುದೇ ಇಲ್ಲ. ಹಾಸಿಗೆಯ ಪಕ್ಕ ಕೂತು ಮಾತು ಶುರುಮಾಡಿದೆ. ಊರಿಂದ ಬಂದ ಮೊದಲ ದಿನ ತಪ್ಪು ಬಸ್ಸು ಹತ್ತಿ ಮಿಯಾಪುರದ ಬದಲು ಇದೇ ಬೇಗಂಪೇಟೆಗೆ ಬಂದಿಳಿದು, ತಲೆಯ ಮೇಲೆ ಗಂಟು ಹೊತ್ತುಕೊಂಡೇ ವಿಮಾನ ನೋಡುತ್ತ ನಿಂತದ್ದು; ಮಗಳು ಮೊದಲ ಸಲ ತೆಲುಗಿನಲ್ಲಿ ಜಗಳ ಆಡಿ ಗೆದ್ದು ಬಂದದ್ದು; ಏನೇನೋ ನೆನಪಿಸಿದೆ. ಅವರು "ಹೂಂ" ಅನ್ನಲು ಹೋಗಿ "ಹೂಬ್" ಅನ್ನುವರು. ಕಣ್ಣು ಎಳೆಯುವುದು. ಭುಜ ಹಿಡಿದು ಅಲುಗಾಡಿಸುವೆ. "ಏಳ್ರಿ, ಕಣ್ಣು ತೆರೀರಿ. ಮಲಗಬ್ಯಾಡ್ರಿ." ಅವರು ಮಕ್ಕಳ ಹಾಗೆ ಬೇಡಿಕೊಂಡರು, "ಬಿಡು ದೀಲಾ, ಒಂದ್ ಚೂರು ಬಲಗತೀದಿ." ನಾನು ಬಿಡಲಿಲ್ಲ. ನಿದ್ದೆಯಿಲ್ಲದೆ ಅವರ ಬಿ.ಪಿ. ಇನ್ನೂ ಏರುತ್ತಿತ್ತು ಎನ್ನುವುದು ನನಗೆ ಗೊತ್ತಿರಲಿಲ್ಲ.

ಇವರ ಚಡಪಡಿಕೆ ನೋಡಿ, ಸಮಾಧಾನವಾಗಿ ಮಲಗಲಿ ಎಂದು ಡ್ಯೂಟಿ ಡಾಕ್ಟರು ನಿದ್ದೆಯ ಇಂಜೆಕ್ಷನ್ ಬರೆದಿದ್ದರಂತೆ. ನರ್ಸಮ್ಮ ಅದನ್ನು ಟ್ರೇಯಲ್ಲಿಟ್ಟುಕೊಂಡು ಬಂದರು. ಅದೇ ಹೊತ್ತಿಗೆ ಖಾಲಾನ ಮನೆಯವರನ್ನು ನೋಡಲು ಶ್ವಾಸಕೋಶದ ದೊಡ್ಡ ಡಾಕ್ಟರು ಒಳಗೆ ಬಂದರು. ಎತ್ತರದ ಮನುಷ್ಯ, ತಲೆ ಪೂರ್ತಿ ಬೆಳ್ಳಗೆ. ನಮ್ಮ ಕೇಸು ಅವರದಲ್ಲ. ಅವರು ಸಾಹೇಬರ ಬೆನ್ನಿಗೆ ಸ್ಟೆತಸ್ಕೋಪು ಇಟ್ಟು ಕೇಳುತ್ತಿದ್ದರು. ಪಕ್ಕದಲ್ಲಿ ನಾನು ನಮ್ಮವರ ಭುಜ ಅಲುಗಾಡಿಸುತ್ತಿದ್ದೆ. ಡಾಕ್ಟರು ತಿರುಗಿ ನೋಡಿದರು.

"ಏನಮ್ಮಾ, ರೋಗಿಯನ್ನು ಯಾಕೆ ಹಾಗೆ ಎಬ್ಬಿಸುತ್ತೀರಿ?" ಎಂದು ತೆಲುಗಿನಲ್ಲಿ ಕೇಳಿದರು.

"ನಿದ್ದೆ ಬಂದರೆ ನಂಬರು ಬೀಳುತ್ತೆ ಸಾರ್. ಎಬ್ಬಿಸಿದರೆ ಏರುತ್ತೆ" ಎಂದೆ ನನ್ನ ಹರಕು ತೆಲುಗಿನಲ್ಲಿ.

ನರ್ಸಮ್ಮ ಅಷ್ಟರಲ್ಲಿ ಇಂಜೆಕ್ಷನ್ ಕೈಗೆ ತೆಗೆದುಕೊಂಡಿದ್ದರು. ಡಾಕ್ಟರು ಸಿರಿಂಜು ನೋಡಿದರು, ನಮ್ಮವರ ಮೂಗು ನೋಡಿದರು, ದಪ್ಪ ಕುತ್ತಿಗೆ ನೋಡಿದರು. "ಆಗಂಡಿ ಸಿಸ್ಟರ್!" ಎಂದರು. ನಿಲ್ಲಿ ಎಂದು. ಅಷ್ಟು ಜೋರಾಗಿ ಅಂದರು, ಆಚೆ ಸಾಹೇಬರೂ ಬೆಚ್ಚಿಬಿದ್ದರು.

ನಂತರ ನನಗೆ, "ಈಗ ಎಬ್ಬಿಸಬೇಡಿ. ನಾನಿದ್ದೇನೆ. ಮಲಗಲಿ" ಎಂದು ಹೇಳಿ ಹಾಸಿಗೆಯ ಪಕ್ಕ ನಿಂತರು.

ನಮ್ಮವರು ಕಣ್ಣು ಮುಚ್ಚಿದ್ದೇ ತಡ, ನಿದ್ದೆಗೆ ಜಾರಿದರು. ಡಾಕ್ಟರು ಅವರ ಬಾಯಿಯ ಮುಂದೆ ಅಂಗೈ ಹಿಡಿದರು. ಸ್ವಲ್ಪ ಹೊತ್ತಿನ ಮೇಲೆ ನನ್ನ ಕೈಯನ್ನೂ ಅಲ್ಲಿ ಹಿಡಿಯಲು ಹೇಳಿದರು. ಹಿಡಿದೆ. ಎದೆ ಏರುತ್ತಿತ್ತು, ಹೊಟ್ಟೆ ಸೆಳೆಯುತ್ತಿತ್ತು, ಒಳಗೆ ದೊಡ್ಡ ಎಳೆದಾಟ ನಡೆದಿತ್ತು. ಆದರೆ ನನ್ನ ಅಂಗೈಗೆ ಒಂದಿಷ್ಟೂ ಗಾಳಿ ತಾಕಲಿಲ್ಲ. ಮಷೀನು ಕೂಗಲು ಶುರುಮಾಡಿತು. ಆಗ ಧಡಕ್ಕನೆ ಗೊರಕೆಯ ಸದ್ದಿನೊಂದಿಗೆ ಬಿಸಿಗಾಳಿ ಕೈಗೆ ಬಡಿಯಿತು.

"ಮನೆಯಲ್ಲೂ ಹೀಗೇ ಮಲಗುತ್ತಾರಾ?"

ನಾನು ಯೋಚಿಸಿದೆ. "ಗೊರಕೆ ಜೋರು ಸಾರ್. ನಡುನಡುವೆ ನಿಲ್ಲುತ್ತೆ, ಆಮೇಲೆ ಒಮ್ಮೆಲೇ ಎಳೆದುಕೊಳ್ಳುತ್ತಾರೆ. ದಣಿದವರ ನಿದ್ದೆ ಅಂದುಕೊಂಡಿದ್ದೆ."

"ಎಷ್ಟು ಮಲಗಿದರೂ ದಣಿವು ಹೋಗುವುದಿಲ್ಲ, ಅಲ್ವಾ? ಬೆಳಿಗ್ಗೆ ತಲೆನೋವು?"

ಎದುರಿಗಿದ್ದು ನೋಡಿದವರ ಹಾಗೆ ಹೇಳಿದರು. ನಿದ್ದೆಯಲ್ಲಿ ಇವರ ಗಂಟಲು ಸಡಿಲಾಗಿ ಮುಚ್ಚಿಕೊಳ್ಳುತ್ತದೆ, ಉಸಿರು ನಿಲ್ಲುತ್ತದೆ, ರಕ್ತದಲ್ಲಿ ಆಕ್ಸಿಜನ್ ಇಳಿಯುತ್ತದೆ, ಬಿ.ಪಿ. ಏರಿರುವುದಕ್ಕೂ ಬಹುಶಃ ಇದೇ ಕಾರಣ ಎಂದು ಬಿಡಿಸಿ ಹೇಳಿದರು. "ವರ್ಷಗಳಿಂದ ಇದ್ದಿರಬೇಕು. ಈಗ ಮೂಗೂ ಮುಚ್ಚಿರುವುದರಿಂದ ಜಾಸ್ತಿಯಾಗಿ ಕಣ್ಣಿಗೆ ಬಿತ್ತು. ಇಂಥವರಿಗೆ ಈ ಸ್ಥಿತಿಯಲ್ಲಿ ನಿದ್ದೆಯ ಔಷಧಿ ಕೊಟ್ಟರೆ ಅಪಾಯ." ಆಮೇಲೆ ಕೇಳಿದರು, "ಏನು ಕೆಲಸ ಮಾಡುತ್ತಾರೆ?"

"ಡ್ರೈವರ್ ಸಾರ್. ಕಂಪನಿ ಗಾಡಿ. ರಾತ್ರಿ ಪಾಳಿ."

ಡಾಕ್ಟರು ಅದನ್ನು ಕೇಸ್ ಶೀಟಿನಲ್ಲಿ ಬರೆದು ಕೆಳಗೆ ಗೆರೆ ಎಳೆದರು. ಮೂಗಿನ ಡಾಕ್ಟರನ್ನು ಕರೆಸಿದರು. ಇಬ್ಬರೂ ಕೂಡಿ ಮಾತಾಡಿ, ಮಂಚದ ತಲೆಯ ಕಡೆ ಎತ್ತರಿಸಿ, ಬೆನ್ನ ಹಿಂದೆ ದಿಂಬು ಕೊಟ್ಟು ಮಗ್ಗುಲಿಗೆ ಮಲಗಿಸಿದರು. ಬಾಯಿಗೆ ಆಕ್ಸಿಜನ್ ಮಾಸ್ಕ್ ಹಾಕಿದರು. ನರ್ಸುಗಳ ಕಣ್ಣೆದುರೇ ಇರಲಿ ಎಂದು ಬೇರೆ ಕಡೆ ಸಾಗಿಸಿದರು. ನಂಬರು ಒಂದೊಂದು ಸಲ ಇಳಿಯುತ್ತಿತ್ತು, ಇಲ್ಲವೆನ್ನುವುದಿಲ್ಲ. ಆದರೆ ಮೊದಲಿನಂತೆ ಪಾತಾಳಕ್ಕೆ ಹೋಗಲಿಲ್ಲ. ಅವರು ಸಂಜೆಯವರೆಗೂ ಮಲಗಿದರು. ನಾನು ಕುರ್ಚಿಯಲ್ಲೇ ತೂಕಡಿಸಿದೆ. ಎಚ್ಚರಾದಾಗ ನನ್ನ ಮೇಲೆ ಖಾಲಾನ ಶಾಲು ಇತ್ತು. ಅವರು ಆ ಕೋಣೆಯಿಂದ ಹುಡುಕಿಕೊಂಡು ಬಂದು ಹೊದಿಸಿ ಹೋಗಿದ್ದರು.

ಮರುದಿನ ಬಿ.ಪಿ. ಹತೋಟಿಗೆ ಬಂತು. ಬಟ್ಟೆಪಟ್ಟಿ ನೆನೆಸಿ ಮೆಲ್ಲಗೆ ಎಳೆದರು. ನಾನು ನೋಡಲಿಲ್ಲ, ಗೋಡೆಗೆ ಮುಖಮಾಡಿ ವೀರಭದ್ರನನ್ನು ನೆನೆಯುತ್ತಿದ್ದೆ. ಒಂದಿಷ್ಟು ರಕ್ತ ಬಂದು ತಾನಾಗಿ ನಿಂತಿತು. ಅವರು ಮೂಗಿನಿಂದ ಅಂಜುತ್ತ ಅಂಜುತ್ತ ಒಂದು ಉಸಿರು ಎಳೆದರು. ಮತ್ತೊಂದು ಎಳೆದರು. "ನೀಲಾ, ಫಿನಾಯಿಲ್ ವಾಸನಿ ಬರಾಕತ್ತೈತಿ!" ಎಂದರು. ಫಿನಾಯಿಲಿನ ವಾಸನೆಗೆ ಅಷ್ಟು ಸಂತೋಷಪಟ್ಟವರನ್ನು ಆ ಆಸ್ಪತ್ರೆ ನೋಡಿರಲಿಕ್ಕಿಲ್ಲ. ನನಗೆ ಕೇಳಿಸಿದ್ದು ನನ್ನ ಹೆಸರು. "ಇನ್ನೊಮ್ಮೆ ಅನ್ರಿ" ಎಂದೆ.

ಮನೆಗೆ ಹೊರಡುವ ಹಿಂದಿನ ದಿನ ಅವರೇ ಒಂದು ಮಾತು ಬಾಯಿಬಿಟ್ಟರು. ಆಷಾಢದಲ್ಲಿ ಒಂದು ಬೆಳಿಗ್ಗೆ, ಗಾಡಿಯಲ್ಲಿ ಐದು ಜನ ಕಂಪನಿಯ ಮಕ್ಕಳು ಮಲಗಿದ್ದರಂತೆ. ಗಚ್ಚಿಬೌಲಿಯ ಕಡೆ ರಸ್ತೆ ಖಾಲಿ. "ಕಣ್ಣು ಮುಚ್ಚಿದ್ದು ನನಗ ಗೊತ್ತಾಗಲಿಲ್ಲ ನೀಲಾ. ಲಾರಿಯವ ಹಾರ್ನ್ ಹೊಡದಾಗ ನೋಡಿದರ ಗಾಡಿ ಎದುರಿನ ದಾರ್ಯಾಗ ಹೊಂಟಿತ್ತು. ಹುಡುಗ್ರು ಯಾರೂ ಏಳಲಿಲ್ಲ. ನಾನೂ ಯಾರಿಗೂ ಹೇಳಲಿಲ್ಲ." ಆಮೇಲೆ ಇನ್ನೆರಡು ಸಲ ಕಣ್ಣು ಮುಚ್ಚಿತ್ತಂತೆ. ದಿನಾ ಕಿಟಕಿ ತೆಗೆದು, ಮುಖಕ್ಕೆ ನೀರು ಹೊಡೆದುಕೊಂಡು ಓಡಿಸುತ್ತಿದ್ದರಂತೆ.

ಆ ಐದು ಮಕ್ಕಳಿಗೂ ಎಲ್ಲೋ ಮೈಸೂರಿನಲ್ಲೋ, ಮಂಗಳೂರಿನಲ್ಲೋ, ಗುಂಟೂರಿನಲ್ಲೋ ಒಬ್ಬೊಬ್ಬ ತಾಯಿ ಇದ್ದಾಳೆ. ಅವರಿಗೆ ಇವತ್ತಿಗೂ ಏನೂ ಗೊತ್ತಿಲ್ಲ. ಶ್ರಾವಣ ಸೋಮವಾರ ದೇವರ ಮುಂದೆಯೇ ರಕ್ತ ಯಾಕೆ ಬಂತು ಅಂತ ವೀರಭದ್ರನನ್ನು ಬೈದಿದ್ದೆನಲ್ಲ, ಆಸ್ಪತ್ರೆಯ ಸ್ಟೂಲಿನ ಮೇಲೆ ಕೂತು ತಪ್ಪಾಯಿತಪ್ಪಾ ಎಂದು ಗಲ್ಲ ಗಲ್ಲ ಬಡಿದುಕೊಂಡೆ. ಆ ರಕ್ತ ಅವತ್ತು ರಸ್ತೆಯ ಮೇಲೆ ಬೀಳಲಿಲ್ಲ. ಮನೆಯಲ್ಲಿ ಬಿತ್ತು, ಎರಡು ಹೊಳ್ಳೆಯಲ್ಲಿ ಮುಗಿಯಿತು.

ಆಮೇಲೆ ದೊಡ್ಡ ಡಾಕ್ಟರು ತಲೆಗೆ ಎದೆಗೆ ವೈರು ಅಂಟಿಸಿ ಒಂದು ರಾತ್ರಿ ನಿದ್ದೆಯ ಪರೀಕ್ಷೆ ಮಾಡಿಸಿದರು. ಅವರು ಹೇಳಿದ ಕಾಯಿಲೆಯೇ. ಮಲಗುವಾಗ ಮಾಸ್ಕಿನಿಂದ ಗಾಳಿ ಒತ್ತಿ ಗಂಟಲು ತೆರೆದಿಡುವ ಒಂದು ಮಷೀನು ಬೇಕು ಎಂದರು. ಅದು ಹೇಗೆ ಒದಗಿತು ಎನ್ನುವುದೂ ದೇವರ ಕೃಪೆಯೇ, ಅದನ್ನಿಲ್ಲಿ ಬೆಳೆಸುವುದಿಲ್ಲ. ಗುಣ ಕಾಣುವವರೆಗೆ ಸ್ಟೇರಿಂಗ್ ಮುಟ್ಟಬಾರದು ಎಂದು ಕಟ್ಟುನಿಟ್ಟಾಗಿ ಹೇಳಿದರು. ಗಾಡಿ ಮಾಲೀಕರು ಅಷ್ಟು ದಿನ ಶೆಡ್ಡಿನ ಉಸ್ತುವಾರಿ ಕೊಟ್ಟು, ನಂತರ ಹಗಲು ಪಾಳಿಗೆ ಹಾಕಿದರು. ಮೊದಮೊದಲು ಮಾಸ್ಕು ಕಿತ್ತೆಸೆಯುತ್ತಿದ್ದರು, ಕ್ರಮೇಣ ಒಗ್ಗಿತು. ಬಿ.ಪಿ. ಮಾತ್ರೆ ಕಡಿಮೆಯಾಯಿತು. ಒಂದು ಬೆಳಿಗ್ಗೆ ಎದ್ದವರೇ, "ಇಷ್ಟು ವರ್ಷ ನಾನು ನಿದ್ದಿನ ಮಾಡಿಲ್ಲ ಅನಸ್ತೈತಿ" ಎಂದರು. ಮುಖ ತಿಳಿಯಾಗಿತ್ತು, ಕಣ್ಣ ಕೆಳಗಿನ ಕಪ್ಪು ಹೋಗಿತ್ತು. ಮಗಳು ಅಪ್ಪನ ಹೊಸ ಉತ್ಸಾಹ ನೋಡಿ ಕಾಟ ಜಾಸ್ತಿಯಾಯಿತು ಎಂದು ದೂರಿದಳು.

ಖಾಲಾನ ಮನೆಯವರು ನಾವು ಹೊರಟಾಗ ಇನ್ನೂ ಆಸ್ಪತ್ರೆಯಲ್ಲೇ ಇದ್ದರು. ಮುಂದೇನಾಯಿತೋ ತಿಳಿಯಲಿಲ್ಲ. ಅವರ ವಿಳಾಸ ಕೇಳಿಕೊಳ್ಳಬೇಕೆಂದು ಆ ಗಡಿಬಿಡಿಯಲ್ಲಿ ಹೊಳೆಯಲಿಲ್ಲ. ದೀಪ ಹಚ್ಚುವಾಗ ಅವರಿಬ್ಬರನ್ನೂ ನೆನೆಯುತ್ತೇನೆ. ಅವರ ದಮ್ಮಿಗೆಂದು ಬಂದ ಡಾಕ್ಟರು ನಮ್ಮ ಕಡೆ ತಿರುಗಿದ್ದು ನನ್ನ ಪಾಲಿಗೆ ವೀರಭದ್ರನೇ ತಿರುಗಿದ ಹಾಗೆ. ತಿಳಿದವರನ್ನು ಕಳಿಸು ಎಂದಿದ್ದೆ, ಕಳಿಸಿದ. ಕಷ್ಟದಲ್ಲಿರುವ ನನ್ನ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ದೇವರ ಹತ್ತಿರ ಸಿಟ್ಟು ಮಾಡಬೇಕೆನಿಸಿದರೆ ಮಾಡಿರಿ, ಆದರೆ ಬೇಡುವುದನ್ನು ಮಾತ್ರ ಬಿಡಬೇಡಿರಿ. ಮನೆಯಲ್ಲಿ ಯಾರಾದರೂ ಹೀಗೆ ಉಸಿರು ನಿಂತು ನಿಂತು ಗೊರಕೆ ಹೊಡೆಯುತ್ತಿದ್ದರೆ ಡಾಕ್ಟರಿಗೆ ತೋರಿಸಿರಿ. ಅದೂ ಅವನ ಸೇವೆಯೇ ಎಂದು ನಾನು ನಂಬಿದ್ದೇನೆ.

ಮುಂದಿನ ವರ್ಷದ ಶ್ರಾವಣದಲ್ಲಿ ಮೂವರೂ ಮಿಯಾಪುರದ ಶಿವನ ಗುಡಿಗೆ ಹೋದೆವು. ಅರ್ಚನೆ ಮಾಡಿಸಿದೆವು. ಪೂಜಾರಿ ಗೋತ್ರ ಕೇಳಿದರು, ಹೆಸರುಗಳನ್ನು ಕೇಳಿದರು. ಆಮೇಲೆ ವಾಡಿಕೆಯಂತೆ, ಏನು ಬೇಡಿಕೊಳ್ಳುತ್ತೀರಿ, ಮಗಳ ಓದೋ, ಮನೆಯೋ, ಉದ್ಯೋಗವೋ ಎಂದು ತೆಲುಗಿನಲ್ಲಿ ವಿಚಾರಿಸಿದರು. ನಾನು ನಮ್ಮವರ ಮುಖ ನೋಡಿದೆ. ಅವರು ನನ್ನ ಮುಖ ನೋಡಿದರು.

"ಏನೂ ಇಲ್ರಿ ಅಯ್ಯನೋರ. ಸುಮ್ನ ನೋಡಿ ಹೋಗೂಣು ಅಂತ ಬಂದೀವಿ" ಎಂದರು ನಮ್ಮವರು, ಕನ್ನಡದಲ್ಲೇ.

ಪೂಜಾರಿಗೆ ತಿಳಿಯಿತೋ ಇಲ್ಲವೋ. ನಕ್ಕು ಆರತಿ ಎತ್ತಿದರು.